ಕ್ಲ್ಯಾಟ್ ಓದಿಗೆ ಮೂರು ಥರದ ಟೈಮ್‌ಟೇಬಲ್ ಬಳಸಿ ನೋಡಿದೆ, ಕೊನೆಗೆ ಉಳಿದದ್ದು 45 ರೂಪಾಯಿಯ ನೋಟ್‌ಬುಕ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನೋಟ್‌ಬುಕ್‌ಗೆ. ಸೆಕೆಂಡ್ ಪಿಯು ಕಾಮರ್ಸ್ ಓದುತ್ತಲೇ 2024ರ ಡಿಸೆಂಬರ್ 1ರಂದು ಕ್ಲ್ಯಾಟ್, ಅಂದರೆ ಲಾ ಕಾಲೇಜು ಸೇರುವ ಪ್ರವೇಶ ಪರೀಕ್ಷೆ, ಬರೆದೆ. ಜೂನ್‌ನಿಂದ ಆರು ತಿಂಗಳಲ್ಲಿ ಮೂರು ಥರ ಪ್ಲಾನ್ ಮಾಡಿ ಓದಿದೆ. ಮೊದಲು ಕೋಚಿಂಗ್‌ನವರ ಗಂಟೆ ಲೆಕ್ಕದ ಟೈಮ್‌ಟೇಬಲ್, ಆಮೇಲೆ ಫೋನಿನ ಪ್ಲಾನರ್ ಆ್ಯಪ್, ಕೊನೆಗೆ ನೋಟ್‌ಬುಕ್‌ನಲ್ಲಿ ನಾನೇ ಗೆರೆ ಎಳೆದುಕೊಂಡ ವಾರದ ಲೆಕ್ಕ. ಸಿಲಬಸ್ ಬಗ್ಗೆ ಹೇಳಲು ಹೋಗುವುದಿಲ್ಲ, ಓದುವವರಿಗೆ ಅದು ಗೊತ್ತೇ ಇರುತ್ತದೆ.

ಕೋಚಿಂಗ್‌ಗೆ ಅಪ್ಪ 22 ಸಾವಿರ ಕಟ್ಟಿದ್ದರು. ಪಾಠ ಚೆನ್ನಾಗಿತ್ತು, ಅದರಲ್ಲಿ ತಕರಾರಿಲ್ಲ. ಟೈಮ್‌ಟೇಬಲ್ ಮಾತ್ರ ಯಾರಿಗೋ ಹೊಲಿದ ಅಂಗಿಯ ಥರ ಇತ್ತು. ಬೆಳಿಗ್ಗೆ 5ಕ್ಕೆ ನ್ಯೂಸ್‌ಪೇಪರ್, 6ಕ್ಕೆ ಕ್ವಾಂಟ್ (ಲೆಕ್ಕ), ಸಂಜೆ 6ರಿಂದ 8 ಲೈವ್ ಕ್ಲಾಸು, ಊಟ ಆದಮೇಲೆ ಲೀಗಲ್ (ಕಾನೂನಿನ ಪ್ರಶ್ನೆಗಳು). ನಾನು ಹರಿಹರದಿಂದ ದಾವಣಗೆರೆಗೆ ದಿನಾ ಬಸ್ಸಿನಲ್ಲಿ ಹೋಗಿಬರುವವಳು, ಒಂದು ಬಸ್ಸು ತಪ್ಪಿದರೆ ಮನೆ ಮುಟ್ಟುವಾಗಲೇ ಆರೂವರೆ, ಆಮೇಲೆ ಇಡೀ ಸಂಜೆಯ ಲೆಕ್ಕ ಜಾರುತ್ತಾ ಹೋಗುತ್ತಿತ್ತು. ಇನ್ನೊಂದು ವಿಷಯ ನನಗೆ ಸರಿ ಕಾಣಲೇ ಇಲ್ಲ. 120 ಪ್ರಶ್ನೆಯಲ್ಲಿ ಕ್ವಾಂಟ್ ಬರುವುದು 10ರಿಂದ 14. ಲೀಗಲ್ ಮತ್ತು ಕರೆಂಟ್ ಅಫೇರ್ಸ್ ತಲಾ 28ರಿಂದ 32. ಆದರೂ ಎಲ್ಲಕ್ಕೂ ದಿನಕ್ಕೆ ಒಂದೊಂದು ಗಂಟೆ. ಜುಲೈ ಮುಗಿಯುವ ಹೊತ್ತಿಗೆ ಅದನ್ನು ಗೋಡೆಯಿಂದ ತೆಗೆದೆ.

ಆ್ಯಪ್‌ಗೆ ತಿಂಗಳಿಗೆ 299 ರೂಪಾಯಿ. ಶುರುವಿನ ಎರಡು ವಾರ ತುಂಬಾ ಇಷ್ಟವಾಗಿತ್ತು, ಸುಳ್ಳು ಹೇಳುವುದಿಲ್ಲ. ನಾನು ಬಿಡುವು ಹೇಳಿದರೆ ಸಾಕು, ಅದೇ ಕೆಲಸ ಹಂಚಿಕೊಡುತ್ತಿತ್ತು. ತೊಂದರೆ ಶುರುವಾಗಿದ್ದು ಆಗಸ್ಟ್ 16ಕ್ಕೆ, ವರಮಹಾಲಕ್ಷ್ಮಿ ಹಬ್ಬದ ದಿನ. ಮನೆ ತುಂಬಾ ನೆಂಟರು. ಅವತ್ತು ಪುಸ್ತಕ ಮುಟ್ಟಲಿಲ್ಲ. ಮಾರನೇ ದಿನ ಬೆಳಿಗ್ಗೆ ಫೋನ್ ನೋಡಿದರೆ ಹಿಂದಿನ ದಿನದ್ದೂ ಸೇರಿ 11 ಕೆಲಸ. ಅವತ್ತು ಆರು ಮುಗಿಸಿದೆ. ಉಳಿದ ಐದು ಭಾನುವಾರದ ತಲೆ ಮೇಲೆ ಬಿತ್ತು. ಸೋಮವಾರಕ್ಕೆ ಐಕಾನ್ ಮೇಲೆ ಕೆಂಪು ಅಕ್ಷರದಲ್ಲಿ 14.

ಬಾಕಿ ಇರುವುದು ದೊಡ್ಡ ವಿಷಯ ಏನಲ್ಲ, ಎಲ್ಲರಿಗೂ ಇರುತ್ತದೆ. ಆದರೆ ಆ ಅಂಕಿ ನನ್ನ ಓದನ್ನೇ ಬದಲಾಯಿಸಿಬಿಟ್ಟಿತು. ಹತ್ತು ಹೊಸ ಇಂಗ್ಲಿಷ್ ಪದ ಓದುವುದೂ ಅದಕ್ಕೆ ಒಂದು ಕೆಲಸ. 450 ಪದದ ಲೀಗಲ್ ಪ್ಯಾಸೇಜ್ ಓದಿ, ಉತ್ತರ ಬರೆದು, ಎಲ್ಲಿ ತಪ್ಪಾಯಿತು ಅಂತ ನೋಡುವುದೂ ಒಂದೇ ಕೆಲಸ. ಹಾಗಾಗಿ ಕೆಂಪು ಅಂಕಿ ಇಳಿಸಲು ನಾನು ಸಣ್ಣ ಸಣ್ಣದನ್ನೇ ಆರಿಸಿ ಟಿಕ್ ಮಾಡುತ್ತಾ ಹೋದೆ. ಒಂದು ವಾರ ಕಳೆದ ಮೇಲೆ ಪಟ್ಟಿ ನೋಡಿದರೆ ಉಳಿದಿದ್ದೆಲ್ಲ ಲೀಗಲ್ ಮತ್ತು ಲಾಜಿಕಲ್ (ತರ್ಕದ) ಪ್ಯಾಸೇಜ್‌ಗಳು. ಬಾಕಿಯನ್ನು ಮುಂದಕ್ಕೆ ತಳ್ಳುವುದು ನಿಲ್ಲಿಸಲು ಆ್ಯಪ್‌ನಲ್ಲಿ ದಾರಿಯೇ ಇರಲಿಲ್ಲ, ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಬೇಕಿತ್ತು, ಅದನ್ನೂ ಒಮ್ಮೆ ಮಾಡಿದೆ, ನಾಲ್ಕೇ ದಿನಕ್ಕೆ ಮತ್ತೆ ಅದೇ ಕತೆ.

ಸೆಪ್ಟೆಂಬರ್ 1ಕ್ಕೆ ಅಂಗಡಿಯಿಂದ ಲಾಂಗ್ ನೋಟ್‌ಬುಕ್ ತಂದೆ. ಒಂದು ಪುಟಕ್ಕೆ ಒಂದು ವಾರ. ಗಂಟೆ ಬರೆಯಲಿಲ್ಲ, ಬರೀ ಸಂಖ್ಯೆ. ಲೀಗಲ್ 10 ಪ್ಯಾಸೇಜ್, ಲಾಜಿಕಲ್ 8, ಇಂಗ್ಲಿಷ್ 7, ಕ್ವಾಂಟ್ 4, ನ್ಯೂಸ್‌ಪೇಪರ್ ಆರು ದಿನ. ಪ್ರತಿಯೊಂದಕ್ಕೂ ಪೆನ್ಸಿಲ್‌ನಲ್ಲಿ ಒಂದು ಚೌಕ, ಮುಗಿದರೆ ಪೆನ್ನಿನಲ್ಲಿ ತುಂಬುವುದು. ಯಾವ ದಿನ ಯಾವುದು ಅನ್ನುವುದು ಆ ದಿನದ ಬಸ್ಸು ನೋಡಿಕೊಂಡು. ಒಂದು ನಿಯಮ ಮಾತ್ರ ಬಿಡಲಿಲ್ಲ: ವಾರ ಮುಗಿದಾಗ ಉಳಿದ ಚೌಕ ಮುಂದಿನ ಪುಟಕ್ಕೆ ಹೋಗಬಾರದು. ಆ ವಾರದಲ್ಲೇ ಸೆಪ್ಟೆಂಬರ್ 7, ಗಣೇಶನ ಹಬ್ಬ ಬಂತು. ಹಬ್ಬ ಇದೆ ಅಂತ ಗೊತ್ತಿದ್ದರಿಂದ ಶುಕ್ರವಾರದೊಳಗೆ ಹೆಚ್ಚಿನ ಚೌಕ ತುಂಬಿದ್ದೆ. ಮೂರು ಖಾಲಿ ಉಳಿದವು, ಅಷ್ಟೇ. ಸೋಮವಾರ ಹೊಸ ಪುಟ.

ಭಾನುವಾರದ ಮಾಕ್ ಟೆಸ್ಟ್, ಅಂದರೆ ಅಭ್ಯಾಸಕ್ಕೆ ಬರೆಯುವ ಪೂರ್ತಿ ಪರೀಕ್ಷೆ, ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕ್ಲ್ಯಾಟ್ ನಡೆಯುವುದು ಮಧ್ಯಾಹ್ನ 2ರಿಂದ 4. ನಾನು ಅಲ್ಲಿಯವರೆಗೆ ಎಲ್ಲ ಮಾಕ್ ಬರೆದಿದ್ದು ಬೆಳಿಗ್ಗೆ, ತಲೆ ಚುರುಕಾಗಿದ್ದಾಗ, ಬರುತ್ತಿದ್ದದ್ದು 120ಕ್ಕೆ 70ರ ಆಸುಪಾಸು. ಮೊದಲ ಸಲ 2 ಗಂಟೆಗೆ ಕೂತಾಗ ಬಂದದ್ದು 58. ಒಂದೂವರೆಗೆ ಹೊಟ್ಟೆ ತುಂಬಾ ಅನ್ನ ಸಾರು ಉಂಡಿದ್ದೆ. ಮೂರು ಗಂಟೆ ಹೊತ್ತಿಗೆ ಒಂದೇ ಸಾಲನ್ನು ಮೂರು ಸಲ ಓದಿದರೂ ತಲೆಗೆ ಹೋಗುತ್ತಿರಲಿಲ್ಲ. ಅವತ್ತಿನಿಂದ ಭಾನುವಾರ ಹನ್ನೆರಡಕ್ಕೇ ಎರಡು ಚಪಾತಿ, ಎರಡು ಗಂಟೆಗೆ ಮಾಕ್. ನವೆಂಬರ್‌ನಲ್ಲಿ ಅದೇ ಹೊತ್ತಿಗೆ 77, 79 ಬರತೊಡಗಿತು.

ಮಾಕ್‌ಗಳನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ, ಓಎಂಆರ್ ಶೀಟ್ (ಉತ್ತರದ ವೃತ್ತ ತುಂಬುವ ಹಾಳೆ) ಸಮೇತ. ಪರೀಕ್ಷೆ ಇರುವುದು ಪೇಪರ್ ಮೇಲೆ, ಸ್ಕ್ರೀನ್ ಮೇಲೆ ಓದಿ ಅಭ್ಯಾಸ ಮಾಡಿದರೆ ಹೇಗೆ ಅಲ್ವಾ? ಎಲ್ಲ ಉತ್ತರ ಕೊನೆಗೆ ತುಂಬಲು ಹೋದಾಗ ಒಂಬತ್ತು ನಿಮಿಷ ಹೋಯಿತು. ಆಮೇಲೆ ಒಂದೊಂದು ಪ್ಯಾಸೇಜ್ ಮುಗಿದ ಕೂಡಲೇ ತುಂಬುವುದು ರೂಢಿಯಾಯಿತು. ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಸುಮ್ನೆ ಊಹೆ ಮೇಲೆ ಗುರುತು ಹಾಕಿ ತಪ್ಪಾದವನ್ನು ಎಣಿಸಿ ಬರೆಯುತ್ತಿದ್ದೆ. ತಪ್ಪಿಗೆ 0.25 ಹೋಗುತ್ತದೆ, ನಾಲ್ಕು ತಪ್ಪಾದರೆ ಸರಿ ಬರೆದ ಒಂದು ಅಂಕ ಹೋದ ಹಾಗೆ.

ನೋಟ್‌ಬುಕ್‌ನಲ್ಲಿ ಕೊರತೆ ಇಲ್ಲವೇ ಅಂದರೆ ಇದೆ. ಯಾವ ಥರದ ಪ್ರಶ್ನೆಯಲ್ಲಿ ಎಷ್ಟು ಸಮಯ ಹೋಗುತ್ತಿದೆ ಅಂತ ಅದು ಹೇಳುವುದಿಲ್ಲ, ಆ್ಯಪ್ ಹೇಳುತ್ತಿತ್ತು.

ಒಂದು ವರ್ಷ ಬಿಡುವು ತೆಗೆದುಕೊಂಡು ಮನೆಯಲ್ಲೇ ಕೂತು ಓದುವವರಿಗೆ ಗಂಟೆ ಲೆಕ್ಕದ ಟೈಮ್‌ಟೇಬಲ್ ಹೊಂದಬಹುದು. ಹಾಸ್ಟೆಲ್‌ನಲ್ಲಿ ದಿನಾ ಒಂದೇ ಥರ ನಡೆಯುವವರಿಗೆ ಆ್ಯಪ್ ಪರವಾಗಿಲ್ಲ. ಬಸ್ಸು, ಕಾಲೇಜು, ಹಬ್ಬ, ಮನೆಕೆಲಸದ ನಡುವೆ ಓದುವವರು ವಾರದ ಲೆಕ್ಕಕ್ಕೇ ಬನ್ನಿ. ದುಡ್ಡು ಕಡಿಮೆ ಇದ್ದರೆ ಆ್ಯಪ್‌ನ 299 ಉಳಿಸಿ ಅದರಲ್ಲಿ ಮಾಕ್ ಪ್ರಿಂಟ್ ಹಾಕಿಸಿ.

ಈಗ ಚಿಕ್ಕಪ್ಪನ ಮಗ ಓದಲು ಶುರು ಮಾಡಿದ್ದಾನೆ. ಮೊದಲ ಪುಟಕ್ಕೆ ನಾನೇ ಗೆರೆ ಎಳೆದುಕೊಟ್ಟೆ. ಅವನಿಗೆ ಲೆಕ್ಕ ಕಷ್ಟ, ಅದಕ್ಕೆ ಕ್ವಾಂಟ್‌ಗೆ ಆರು ಚೌಕ, ಇಂಗ್ಲಿಷ್‌ಗೆ ಐದು. "ಅಕ್ಕಾ, ಮಿಡ್‌ಟರ್ಮ್ ವಾರ ಎಷ್ಟು ಹಾಕಲಿ?" ಅಂದ. "ಎಲ್ಲದಕ್ಕೂ ಅರ್ಧ ಹಾಕು, ಭಾನುವಾರದ ಮಾಕ್ ಮಾತ್ರ ಬಿಡಬೇಡ ಕಣೋ" ಅಂದೆ.