ಮೊಳಕೆ ಕಟ್ಟೋಕೆ ಬಟ್ಟೆ ಗಂಟೋ, ಡಬ್ಬಿಯೋ, ಬಾಟಲಿಯೋ?

ನಮ್ಮತ್ತೆ ಮೊಳಕೆ ಕಟ್ಟುವುದು ಮಾವನ ಹಳೇ ಪಂಚೆಯ ತುಂಡಿನಲ್ಲಿ. ನಾನು ತರಿಸಿಕೊಂಡದ್ದು ಮೂರು ಅಂತಸ್ತಿನ ಪ್ಲಾಸ್ಟಿಕ್ ಡಬ್ಬಿ. ಅದನ್ನು ಬಿಚ್ಚಿದ ದಿನ ಅವರು ಒಂದೊಂದೇ ತಟ್ಟೆ ಎತ್ತಿ ತೂತುಗಳನ್ನು ನೋಡಿ, "ಇಷ್ಟಕ್ಕೆ ದುಡ್ಡು ಕೊಟ್ಯಾ?" ಅಂದರು. ಅಷ್ಟೇ. ಅಂದಿನಿಂದ ಅಡುಗೆಮನೆಯಲ್ಲಿ ಒಂದು ಸಣ್ಣ ಪೈಪೋಟಿ ಶುರುವಾಯಿತು.

ಹೋದ ಬೇಸಿಗೆಯಲ್ಲಿ ಇದನ್ನು ಒಂದು ಸಲ ತೀರ್ಮಾನ ಮಾಡೇಬಿಡೋಣ ಅನ್ನಿಸಿತು. ಒಂದೇ ಪ್ಯಾಕೆಟ್ಟಿನ ಹೆಸರುಕಾಳನ್ನು 100 ಗ್ರಾಂನಂತೆ ತೂಗಿ ನಾಲ್ಕು ಪಾಲು ಮಾಡಿದೆ. ರಾತ್ರಿ 10ಕ್ಕೆ ನೆನೆಹಾಕಿ ಬೆಳಿಗ್ಗೆ 6ಕ್ಕೆ ಬಸಿದೆ. ಒಂದು ಪಾಲು ಅತ್ತೆಯ ಗಂಟಿಗೆ, ಒಂದು ನನ್ನ ಡಬ್ಬಿಗೆ, ಒಂದು ಬಾಯಿಗೆ ತೆಳು ಬಟ್ಟೆ ಕಟ್ಟಿದ ಗಾಜಿನ ಬಾಟಲಿಗೆ. ನಾಲ್ಕನೆಯದಕ್ಕೆ ಏನೂ ಸಿಗದೆ, ತರಕಾರಿ ತೊಳೆಯುವ ಸ್ಟೀಲಿನ ತೂತಿನ ಬುಟ್ಟಿಗೆ ಸುರಿದು ಮೇಲೊಂದು ಒದ್ದೆ ಬಟ್ಟೆ ಹೊದಿಸಿಟ್ಟೆ. ಅದು ಸುಮ್ನೆ ಲೆಕ್ಕ ತುಂಬಿಸೋಕೆ.

ಮೊದಲು ಗಂಟಿನ ವಿಷಯ. ಅದರ ಗುಣ ಏನೆಂದರೆ ನೀರು ಒಳಗೆ ನಿಲ್ಲುವುದೇ ಇಲ್ಲ, ಗಾಳಿ ಎಲ್ಲ ಕಡೆಯಿಂದ ಆಡುತ್ತದೆ. ಮೊಳಕೆಯೊಡೆಯುವ ಕಾಳು ಉಸಿರಾಡುತ್ತದೆ, ಬಿಸಿಯೂ ಆಗುತ್ತದೆ. ಮಧ್ಯಾಹ್ನ ಗಂಟಿನ ನಡುವೆ ಬೆರಳಿಟ್ಟರೆ ಬೆಚ್ಚಗೆ ಗೊತ್ತಾಗುತ್ತದೆ. ಆದರೆ ಏಪ್ರಿಲ್ ಬಿಸಿಲಿಗೆ ಹೊರಗಿನ ಬಟ್ಟೆ ಮೂರು ಗಂಟೆಯಲ್ಲಿ ಗರಿಗರಿ ಒಣಗಿತ್ತು. ಅತ್ತೆ ಓಡಾಡುತ್ತಲೇ ನೀರು ಚಿಮುಕಿಸುತ್ತಿದ್ದರು. ನಾನಾಗಿದ್ದರೆ ಆಫೀಸಿನಿಂದ ಬರುವಷ್ಟರಲ್ಲಿ ಅಂಚಿನ ಕಾಳೆಲ್ಲ ಮುರುಟಿರುತ್ತಿತ್ತು. ಇನ್ನೊಂದು ತಾಪತ್ರಯ ಮರುದಿನ ಬೆಳಿಗ್ಗೆ ಕಾಣುತ್ತದೆ. ಬೇರು ಬಟ್ಟೆಯ ನೇಯ್ಗೆಯೊಳಗೆ ನುಗ್ಗಿ ಹಿಡಿದುಕೊಂಡಿರುತ್ತದೆ. ಬಿಡಿಸುವಾಗ ತುದಿ ಮುರಿಯುತ್ತದೆ. ಆಮೇಲೆ ಆ ಬಟ್ಟೆಯನ್ನು ಕುದಿಸಿ ಬಿಸಿಲಿಗೆ ಹಾಕದಿದ್ದರೆ ಮುಂದಿನ ಸಲ ಹುಳಿ ವಾಸನೆ ಗ್ಯಾರಂಟಿ.

ಇನ್ನು ನನ್ನ ಡಬ್ಬಿ. ಒಪ್ಪಿಕೊಂಡುಬಿಡುತ್ತೇನೆ, ಅದು ಸೋತಿತು. ಮೇಲಿನ, ನಡುವಿನ ತಟ್ಟೆಗಳಲ್ಲಿ ಚೆನ್ನಾಗಿಯೇ ಬಂದಿತ್ತು. ಕೆಳಗಿನ ತಟ್ಟೆ ಮಾತ್ರ ಬಸಿದ ನೀರು ನಿಲ್ಲುವ ಬಟ್ಟಲಿಗೆ ತಾಗಿಕೊಂಡೇ ಕೂರುತ್ತದೆ. ಆ ನೀರು ಚೆಲ್ಲೋದನ್ನು ಒಂದು ಹೊತ್ತು ಮರೆತೆ. ಸಂಜೆ ಮುಚ್ಚಳ ತೆಗೆದಾಗ ಕೆಳಗಿನ ಕಾಳು ಲೋಳೆ ಲೋಳೆ, ಬೆರಳಿಗೆ ಅಂಟುತ್ತಿತ್ತು. ತೂತುಗಳೊಳಗೆ ಸಿಕ್ಕಿಕೊಂಡ ಬೇರು ತೆಗೆಯೋಕೆ ಹಳೇ ಟೂತ್‌ಬ್ರಷ್ ಬೇಕಾಯಿತು. ಹಾಗಂತ ಪೂರ್ತಿ ದಂಡ ಅಲ್ಲ. ಎರಡು ಬಗೆಯ ಕಾಳನ್ನು ಒಟ್ಟಿಗೆ ಹಾಕಬೇಕು, ಫ್ರಿಜ್ಜಿನಲ್ಲಿ ಅಚ್ಚುಕಟ್ಟಾಗಿ ಕೂರಬೇಕು ಅನ್ನುವವರಿಗೆ ಸರಿ. ಕೆಳಗಿನ ತಟ್ಟೆ ಖಾಲಿ ಬಿಡಿ, ಅಷ್ಟೇ.

ಬಾಟಲಿ ನೋಡೋಕೆ ಚೆಂದ. ಮಗಳು ಗಂಟೆಗೊಂದು ಸಲ ಹೋಗಿ ಇಣುಕುತ್ತಿದ್ದಳು. ಬಟ್ಟೆ ಬಿಚ್ಚದೆ ಹಾಗೇ ನೀರು ತುಂಬಿಸಿ, ಕುಲುಕಿ, ಬಸಿದು, ಪಾತ್ರೆ ಸ್ಟ್ಯಾಂಡಿನಲ್ಲಿ ಬಾಯಿ ಕೆಳಗೆ ಮಾಡಿ ಓರೆಯಾಗಿ ಇಟ್ಟರೆ ಆಯಿತು. ಆದರೆ ಕಿಟಕಿ ಪಕ್ಕ ಇಟ್ಟದ್ದು ತಪ್ಪಾಯಿತು. ಬೆಳಕು ಬಿದ್ದ ಕಡೆ ಮೊಳಕೆ ಹಸಿರಾಗಿ ಸ್ವಲ್ಪ ಕಹಿ ಬಂತು. ಒಂದು ಲೀಟರ್ ಬಾಟಲಿಗೆ 100 ಗ್ರಾಂ ದಾಟಬಾರದು, ಉಬ್ಬಿಕೊಂಡು ಒಂದಕ್ಕೊಂದು ಒತ್ತಿ ಕೂರುತ್ತವೆ. ಒಬ್ಬರೋ ಇಬ್ಬರೋ ಇರುವ ಮನೆಗೆ ಇದೇ ಸಾಕು.

ಲೆಕ್ಕಕ್ಕಿಲ್ಲದ ಬುಟ್ಟಿಯೇ ಗೆದ್ದದ್ದು. ಅಡಿಯಿಂದ ನೀರು ತಾನಾಗಿ ಇಳಿಯಿತು, ಮೇಲಿನ ಒದ್ದೆ ಬಟ್ಟೆ ಒಣಗದಂತೆ ಕಾಯಿತು. ಬೇರು ಬಟ್ಟೆಗೆ ಸಿಕ್ಕಿಕೊಳ್ಳಲಿಲ್ಲ. 24 ಗಂಟೆಗೆ ತೂಗಿದರೆ 250 ಗ್ರಾಂ ಹತ್ತಿರ, ಮೊಳಕೆ ಅರ್ಧ ಇಂಚು. ಗಂಟಿನದು ಅದಕ್ಕಿಂತ 10 ಗ್ರಾಂ ಕಡಿಮೆ. ಅತ್ತೆ ಅದನ್ನು ಬಿಡಿಸುವಾಗ ಮುರಿದ ತುದಿಗಳ ಲೆಕ್ಕಕ್ಕೆ ಹಾಕಿದರು.

ಡಿಸೆಂಬರಿನಲ್ಲಿ ಮತ್ತೆ ಮಾಡಿದಾಗ ಈ ಕಥೆ ತಿರುಗಿಬಿತ್ತು. ಬೆಂಗಳೂರಿನ ಚಳಿಗೆ ಬುಟ್ಟಿಯ ಕಾಳು ಒಂದು ದಿನಕ್ಕೆ ಬರೀ ಮೂತಿ ತೆರೆದಿತ್ತು. ಆಗ ಕೈ ಹಿಡಿದದ್ದು ಚಪಾತಿ ಇಡುವ ಹಾಟ್‌ಬಾಕ್ಸ್. ಒಳಗೆ ಬಿಸಿನೀರು ಹಾಕಿ ಚೆಲ್ಲಿ, ಒರೆಸಿ, ಚೆನ್ನಾಗಿ ಬಸಿದ ಕಾಳು ಸುರಿದು ಮುಚ್ಚಿದೆ. ರಾತ್ರಿ ಕಳೆಯುವಷ್ಟರಲ್ಲಿ ಮೊಳಕೆ ಬಂದಿತ್ತು. ಗಾಳಿ ಆಡಲೆಂದು ಎರಡು ಸಲ ಮುಚ್ಚಳ ತೆಗೆಯಲೇಬೇಕು.

ಹುರುಳಿಕಾಳಿನ ಮಾತು ಬಂದರೆ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಅಲ್ಲಿ ಅತ್ತೆಯ ಗಂಟೇ. 12 ಗಂಟೆ ನೆನೆಸಿ, ಬಿಗಿಯಾಗಿ ಕಟ್ಟಿ, ಮೇಲೆ ಕುಟ್ಟಾಣಿ ಇಡುತ್ತಾರೆ. ಭಾರ ಯಾಕೆ ಅಂತ ಕೇಳಿದರೆ "ನಮ್ಮಮ್ಮ ಇಡ್ತಿದ್ರು" ಅನ್ನುತ್ತಾರೆ. ಅದಕ್ಕೆ ಕಾರಣವೂ ಇದೆ. ಒತ್ತಡ ಬಿದ್ದಾಗ ಮೊಳಕೆಯಲ್ಲಿ ಎಥಿಲೀನ್ ಅನ್ನುವ ಅನಿಲ ಜಾಸ್ತಿ ಹುಟ್ಟುತ್ತದೆ, ಬಾಳೆಕಾಯಿಯನ್ನು ಹಣ್ಣು ಮಾಡುವ ಅದೇ ಅನಿಲ. ಅದರಿಂದ ಮೊಳಕೆ ದಾರದಂತೆ ಉದ್ದವಾಗದೆ ಗಿಡ್ಡಕ್ಕೆ ದಪ್ಪಗಾಗುತ್ತದೆ. ಎರಡನೇ ದಿನದ ಸಾರಿಗೆ, ಮುದ್ದೆಗೆ, ಆ ದಪ್ಪ ಮೊಳಕೆಯೇ ಬೇಕು.

ಒಂದು ವಿಷಯದಲ್ಲಿ ಮಾತ್ರ ನಾವಿಬ್ಬರೂ ಒಂದೇ ಪಕ್ಷ. ಹಸಿ ಮೊಳಕೆ ನಮ್ಮನೆಯಲ್ಲಿ ತಟ್ಟೆಗೆ ಬರಲ್ಲ, ಕೋಸಂಬರಿಗೂ ಐದು ನಿಮಿಷ ಹಬೆ ತೋರಿಸಿಯೇ. ರೋಗಾಣು ಬೀಜದಲ್ಲೇ ಇದ್ದರೆ ಮೊಳಕೆಗೆ ಬೇಕಾದ ತೇವ, ಬೆಚ್ಚಗೆ ಎರಡೂ ಅದಕ್ಕೂ ಹಬ್ಬ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿದ ಸೋಂಕಿಗೆ 50ಕ್ಕೂ ಹೆಚ್ಚು ಜನ ತೀರಿಕೊಂಡಿದ್ದರು. ಅಲ್ಲಿ ಡಬ್ಬಿ, ಗಂಟಿನ ತಪ್ಪೇನೂ ಇರಲಿಲ್ಲ, ಅನುಮಾನ ಬಿದ್ದದ್ದು ಬೀಜದ ಮೇಲೆ.

ಈಗ ಹೆಸರುಕಾಳು ಬುಟ್ಟಿಗೆ, ಹುರುಳಿ ಗಂಟಿಗೆ ಅಂತ ರಾಜಿಯಾಗಿದೆ. ನಡುವೆ ಒಂದು ಸಲ ಬುದ್ಧಿವಂತಿಕೆ ಮಾಡೋಣ ಅಂತ ಹುರುಳಿಯನ್ನೂ ಬುಟ್ಟಿಗೆ ಹಾಕಿ ಮೇಲೆ ಕುಟ್ಟಾಣಿ ಇಟ್ಟಿದ್ದೆ. ರಾತ್ರಿ ಬುಟ್ಟಿ ವಾಲಿ ಕಾಳೆಲ್ಲ ಸಿಂಕಿಗೆ. ಬೆಳಿಗ್ಗೆ ಅತ್ತೆ ಏನೂ ಅನ್ನಲಿಲ್ಲ, ಪಂಚೆ ತುಂಡು ತಂದು ಕಟ್ಟೆ ಮೇಲಿಟ್ಟು ಹೋದರು.