ಪುಟ್ಟ ಮಕ್ಕಳ ಫಿಂಗರ್ ಪೇಂಟ್ ಕಿಟ್: ಬಣ್ಣ ಇಟ್ಟುಕೊಳ್ಳಿ, ಚಿಟ್ಟೆ ಕಾರ್ಡು ಬಿಡಿ

ಎರಡರಿಂದ ಐದು ವರ್ಷದ ಮಕ್ಕಳಿಗೆಂದು ಮಾರುವ ಫಿಂಗರ್ ಪೇಂಟ್ ಕಿಟ್‌ನಲ್ಲಿ ಸಾಮಾನ್ಯವಾಗಿ ಆರು ಬಣ್ಣದ ಸಣ್ಣ ಡಬ್ಬಿಗಳು, ಒಂದೆರಡು ಸ್ಪಾಂಜಿನ ಅಚ್ಚು, ಚಿಟ್ಟೆಯದೋ ಮೀನಿನದೋ ಗೆರೆ ಎಳೆದ ಕಾರ್ಡುಗಳು ಇರುತ್ತವೆ. ಬಣ್ಣ ಒಳ್ಳೆಯದಾಗಿದ್ದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಕಾರ್ಡುಗಳು ಮಾತ್ರ ಬೇಡ. ಎರಡು ವರ್ಷದ ಮಗುವಿಗೆ ಚಿಟ್ಟೆ ಮಾಡುವ ಹಂಬಲ ಇರುವುದಿಲ್ಲ. ತಣ್ಣಗೆ ಜಾರುವ ಬಣ್ಣವನ್ನು ಅಂಗೈಯಿಂದ ಒತ್ತಿದರೆ ಏನಾಗುತ್ತದೆ, ಉಗುರಿನಿಂದ ಕೆರೆದರೆ ಏನಾಗುತ್ತದೆ ಎಂದು ನೋಡುವುದೇ ಅದರ ಕೆಲಸ. ಕಾರ್ಡು ಮುಂದಿಟ್ಟರೆ ‘ಗೆರೆ ದಾಟಬೇಡ ಪುಟ್ಟಾ’ ಎಂಬ ಮಾತು ಶುರುವಾಗುತ್ತದೆ, ಕೊನೆಗೆ ರೆಕ್ಕೆಗೆ ಬಣ್ಣ ತುಂಬುವವರು ಅಮ್ಮನೇ.

ಕೊಳ್ಳುವಾಗ ಎಡವುವುದು ಬಣ್ಣದ ಬಗೆಯಲ್ಲಿ. ಫಿಂಗರ್ ಪೇಂಟ್ ಗಟ್ಟಿ ಮೊಸರಿನ ಹದದಲ್ಲಿರುತ್ತದೆ, ನಿಧಾನವಾಗಿ ಒಣಗುತ್ತದೆ. ಹಾಗಾಗಿ ಮಗು ಅದೇ ಹಾಳೆಯ ಮೇಲೆ ಬರೆದು, ಅಳಿಸಿ, ಮತ್ತೆ ಬರೆಯಬಹುದು. ಪೋಸ್ಟರ್ ಕಲರ್ ಬ್ರಷ್‌ಗೆಂದು ಮಾಡಿದ್ದು. ಬೇಗ ಒಣಗುತ್ತದೆ, ದಪ್ಪಗೆ ಬಳಿದರೆ ಬಿರುಕು ಬಿಟ್ಟು ಉದುರುತ್ತದೆ. ಮನೆಯಲ್ಲಿ ಅದೇ ಇದ್ದರೆ ಎರಡು ಚಮಚಕ್ಕೆ ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ. ತೊಳೆಯುವುದು ಸ್ವಲ್ಪ ಸುಲಭ. ಆದರೆ ಹಾಗೆ ಬೆರೆಸಿದ್ದನ್ನು ಬಾಯಿಗೆ ಕೈ ಹಾಕುವ ವಯಸ್ಸಿನವರಿಗೆ ಕೊಡಬೇಡಿ. ಫೆವಿಕ್ರಿಲ್‌ನಂಥ ಅಕ್ರಿಲಿಕ್ ಬಣ್ಣ ಬಟ್ಟೆಯ ಮೇಲೆ ಉಳಿಯಲೆಂದೇ ಇರುವುದು. ಒಣಗಿದ ಮೇಲೆ ಹೋಗುವುದಿಲ್ಲ, ಈ ವಯಸ್ಸಿಗೆ ಅದು ಬೇಡವೇ ಬೇಡ.

ಡಬ್ಬಿಯ ಹಿಂಬದಿ ಓದಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ನಮ್ಮಲ್ಲಿ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಫಿಂಗರ್ ಪೇಂಟ್‌ಗೆ ಅನ್ವಯಿಸುವುದು ಐಎಸ್ 9873 ಎಂಬ ಭಾರತೀಯ ಮಾನದಂಡದ 7ನೇ ಭಾಗ. ಹೊರದೇಶದ ಮಾಲಾದರೆ ಇಎನ್ 71-7 ಎಂಬ ಸಂಖ್ಯೆಯೂ ಇರಬಹುದು. ಆ ಯುರೋಪಿಯನ್ ಮಾನದಂಡದಂತೆ ಬಣ್ಣಕ್ಕೆ ಕಹಿ ಪದಾರ್ಥ ಸೇರಿಸಲೇಬೇಕು. ಮಗು ಬೆರಳು ನೆಕ್ಕಿ ಮುಖ ಸಿಂಡರಿಸಿದರೆ ಬಣ್ಣ ಕೆಟ್ಟಿದೆ ಎಂದು ಗಾಬರಿಯಾಗಬೇಡಿ, ಮಗು ನೆಕ್ಕದಿರಲೆಂದೇ ಆ ಕಹಿ ಇರುವುದು. ಬರೀ ‘ನಾನ್ ಟಾಕ್ಸಿಕ್’ ಎಂದು ಅಚ್ಚು ಹಾಕಿ, ಮಾನದಂಡದ ಸಂಖ್ಯೆಯನ್ನೂ ತಯಾರಕರ ವಿಳಾಸವನ್ನೂ ಕೊಡದ ಡಬ್ಬಿಯನ್ನು ಅಲ್ಲೇ ಬಿಟ್ಟು ಬನ್ನಿ.

ಆರು ಬಣ್ಣವನ್ನೂ ಒಟ್ಟಿಗೆ ತೆರೆಯಬಾರದು. ಮಗು ಎಲ್ಲವನ್ನೂ ಕಲಸಿ ಐದು ನಿಮಿಷದಲ್ಲಿ ಕೆಸರು ಬಣ್ಣ ಮಾಡುತ್ತದೆ, ಆಮೇಲೆ ಹೊಸದೇನೂ ಹುಟ್ಟುವುದಿಲ್ಲ. ಮೊದಲ ದಿನ ಹಳದಿ ಮತ್ತು ನೀಲಿ, ತಲಾ ಒಂದು ಚಮಚ ಸಾಕು. ಎರಡೂ ಬೆರಳ ಕೆಳಗೆ ಸೇರಿ ಹಸಿರಾಗುವ ಕ್ಷಣ ತಾನಾಗಿಯೇ ಬರುತ್ತದೆ, ಮುಂಚೆ ಹೇಳಿಬಿಡಬೇಡಿ. ಇನ್ನೊಂದು ದಿನ ಕೆಂಪು, ಹಳದಿ. ಮತ್ತೊಂದು ದಿನ ಕೆಂಪಿಗೆ ಬಿಳಿ. ಕಿಟ್‌ನಲ್ಲಿ ಬಿಳಿ ಇಲ್ಲದಿದ್ದರೆ ಅದು ದೊಡ್ಡ ಕೊರತೆ. ಆಗ ಬಿಳಿಯನ್ನು ಬೇರೆಯಾಗಿ ಕೊಳ್ಳಿ, ದೊಡ್ಡ ಡಬ್ಬಿಯನ್ನೇ ತನ್ನಿ.

ಕಾಗದ ತೆಳುವಾದರೆ ಎಷ್ಟು ಒಳ್ಳೆಯ ಬಣ್ಣವೂ ದಂಡ. ಜೆರಾಕ್ಸ್ ಹಾಳೆ ನೆನೆದು ಸುರುಳುತ್ತದೆ, ಮೂರನೇ ಸಲ ಉಜ್ಜುವಾಗ ಹರಿಯುತ್ತದೆ, ಮಗು ಸಿಟ್ಟಾಗಿ ಎದ್ದುಹೋಗುತ್ತದೆ. 150 ಜಿಎಸ್‌ಎಂ (ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಅಳತೆ) ಮೇಲಿನ ಡ್ರಾಯಿಂಗ್ ಶೀಟ್ ಆಗಬಹುದು, ಹಳೆಯ ಗೋಡೆ ಕ್ಯಾಲೆಂಡರ್‌ನ ದಪ್ಪ ಹಾಳೆಯ ಹಿಂಬದಿಯೂ ಆಗಬಹುದು. ನಾಲ್ಕು ಮೂಲೆಗೂ ಟೇಪ್ ಹಾಕಿ ನೆಲಕ್ಕೆ ಅಂಟಿಸಿ. ಕಾಗದವೇ ಬೇಡವೆಂದರೆ ಸ್ಟೀಲ್ ತಟ್ಟೆಯ ಮೇಲೆ ಬಣ್ಣ ಹರಡಿ, ಮಗು ಗೀಚಿದ ಮೇಲೆ ಒಂದು ಹಾಳೆ ಮುಚ್ಚಿ ಒತ್ತಿ ಎತ್ತಿದರೆ ಗೀಚಿದ್ದರ ಅಚ್ಚು ಸಿಗುತ್ತದೆ. ಒಣಗಲು ಹಗ್ಗಕ್ಕೆ ನೇತುಹಾಕಿದರೆ ಬಣ್ಣ ಕೆಳಗಿಳಿಯುತ್ತದೆ, ಮಟ್ಟಸವಾಗಿ ಹರವಿ.

ಕೆಲವು ಮಕ್ಕಳಿಗೆ ಕೈಗೆ ಅಂಟುವುದೇ ಆಗುವುದಿಲ್ಲ. ಒತ್ತಾಯ ಮಾಡಬೇಡಿ. ಜಿಪ್ ಕವರಿನೊಳಗೆ ಎರಡು ಚಮಚ ಬಣ್ಣ ಹಾಕಿ, ಗಾಳಿ ತೆಗೆದು ಮುಚ್ಚಿ, ಅಂಚಿಗೆ ಟೇಪ್ ಸುತ್ತಿ ಕಿಟಕಿ ಗಾಜಿಗೆ ಅಂಟಿಸಿ. ಕವರ್ ಒಂದೇ ಪದರವಾದರೆ ಉಗುರು ತಾಗಿ ಒಡೆಯುತ್ತದೆ, ಎರಡು ಹಾಕಿ. ಹೊರಗಿನಿಂದ ಒತ್ತಿ ಆಡುತ್ತಾ ಆಡುತ್ತಾ ಎಷ್ಟೋ ಮಕ್ಕಳು ತಾವೇ ಡಬ್ಬಿಗೆ ಕೈ ಹಾಕುತ್ತಾರೆ.

ಮನೆಯಲ್ಲೇ ಮಾಡುವುದಾದರೆ ಅರ್ಧ ಲೋಟ ಕಾರ್ನ್‌ಫ್ಲೋರ್, ಎರಡು ಲೋಟ ನೀರು, ಅರ್ಧ ಚಮಚ ಉಪ್ಪು. ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿ. ಬಿಸಿ ನೀರಿಗೆ ಹಾಕಿದರೆ ಗಂಟು ಕಟ್ಟುತ್ತದೆ. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಗಂಜಿಯಂತೆ ಹೊಳಪು ಬಂದಾಗ ಇಳಿಸಿ. ಆರಿದಾಗ ಇನ್ನೂ ಗಟ್ಟಿಯಾಗುವುದರಿಂದ ಸ್ವಲ್ಪ ತೆಳುವಿದ್ದಾಗಲೇ ಒಲೆ ಆರಿಸಿ. ಕೆಲವರು ಸಕ್ಕರೆ ಸೇರಿಸುತ್ತಾರೆ, ಇರುವೆ ಬರುತ್ತದೆ, ಬೇಡ. ಫುಡ್ ಕಲರ್ ಹಾಕಿದರೆ ಕೈಯ ಬಣ್ಣ ಒಂದೆರಡು ದಿನ ಹೋಗುವುದಿಲ್ಲ. ಅರಿಶಿನ ಹಾಕಿದರೆ ಇನ್ನೊಂದು ಆಟ ಸಿಗುತ್ತದೆ: ಅದರ ಮೇಲೆ ಅಡುಗೆ ಸೋಡಾ ಕದಡಿದ ನೀರನ್ನು ಬ್ರಷ್‌ನಿಂದ ಹಚ್ಚಿದರೆ ಹಳದಿ ಕೆಂಪಾಗುತ್ತದೆ, ಆರತಿಯ ಓಕುಳಿಯ ಹಾಗೆ. ಓಕುಳಿಗೆ ಬಳಸುವ ಸುಣ್ಣವನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಚರ್ಮ ಮತ್ತು ಕಣ್ಣು ಸುಡುತ್ತದೆ. ಅರಿಶಿನದ ಕಲೆ ಸೋಪು ತಾಗಿ ಕೆಂಪಾದರೆ ಹೆದರಬೇಡಿ, ಚೆನ್ನಾಗಿ ಜಾಲಾಡಿ ಬಿಸಿಲಿಗೆ ಹಾಕಿ, ಬಿಸಿಲೇ ಅದನ್ನು ಮಾಸಿಸುತ್ತದೆ. ಈ ಬಣ್ಣದಲ್ಲಿ ಕಹಿ ಇಲ್ಲದಿರುವುದರಿಂದ ಮಗು ನೆಕ್ಕುತ್ತಲೇ ಇರಬಹುದು, ಪಕ್ಕದಲ್ಲೇ ಕೂತಿರಿ. ಫ್ರಿಜ್‌ನಲ್ಲಿ ಮೂರು ದಿನ ಬಾಳುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ.

ಕಿಟ್ ಜೊತೆ ಉಚಿತವಾಗಿ ನೀರಿನಲ್ಲಿ ಊದುವ ಜೆಲ್ ಮಣಿ ಕೊಟ್ಟಿದ್ದರೆ ಮನೆಯೊಳಗೇ ತರಬೇಡಿ. ನುಂಗಿದರೆ ಕರುಳಿನಲ್ಲಿ ಊದಿಕೊಂಡು ದಾರಿ ಕಟ್ಟುತ್ತದೆ, ಆಪರೇಷನ್‌ವರೆಗೂ ಹೋಗುತ್ತದೆ.

ಬಟ್ಟೆಗೆ ತಾಗಿದ ಫಿಂಗರ್ ಪೇಂಟನ್ನು ಒಣಗಲು ಬಿಡದೆ ಮೊದಲು ತಣ್ಣೀರಿನಲ್ಲಿ ಜಾಲಾಡಿ, ಆಮೇಲೆ ಸೋಪು. ‘ವಾಷಬಲ್’ ಎಂದಿದ್ದರೂ ಕೆಂಪು, ನೀಲಿ ಸ್ವಲ್ಪ ಹಟ ಮಾಡುತ್ತವೆ. ಹಳೆಯ ಬನಿಯನ್ ಹಾಕಿ ಕೂರಿಸುವುದು ಒಳ್ಳೆಯದು. ತಟ್ಟೆಯಲ್ಲಿ ಉಳಿದ ಬಣ್ಣವನ್ನು ಡಬ್ಬಿಗೆ ವಾಪಸ್ ಸುರಿಯಬೇಡಿ, ಎಂಜಲು ಸೇರಿ ಬೂಷ್ಟು ಹಿಡಿಯುತ್ತದೆ. ಬೇಕಾದಷ್ಟನ್ನು ಪ್ರತಿಸಲ ಒಣ ಚಮಚದಲ್ಲಿ ತೆಗೆದು, ಡಬ್ಬಿಯ ಅಂಚು ಒರೆಸಿ ಮುಚ್ಚಳ ಬಿಗಿಯಾಗಿ ಹಾಕಿಡಿ.