ಕಡಿಮೆ ಕಾರ್ಬೋಹೈಡ್ರೇಟ್ ಆಹಾರಯೋಜನೆಯ ಆ್ಯಪ್: 12 ವಾರಗಳ ಬಳಕೆಯ ನಂತರ

ದಿನಕ್ಕೆ 50 ಗ್ರಾಂ ಮೀರದಂತೆ ಕಾರ್ಬೋಹೈಡ್ರೇಟ್ ಸೇವಿಸುವ ಆಹಾರಯೋಜನೆಯನ್ನು ರೂಪಿಸಿಕೊಡುವ ಆ್ಯಪ್ ಒಂದನ್ನು 12 ವಾರಗಳ ಕಾಲ ಬಳಸಿದೆ. ಮೊದಲ ವಾರದಲ್ಲೇ ಎರಡು ಕಿಲೊ ಇಳಿದಾಗ ಪರದೆಯ ತುಂಬ ಅಭಿನಂದನೆಗಳು ಹರಿದುಬಂದವು. ಆದರೆ ಕಾರ್ಬೋಹೈಡ್ರೇಟನ್ನು ದೇಹ ಕೂಡಿಟ್ಟುಕೊಳ್ಳುವ ರೂಪವಾದ ಗ್ಲೈಕೋಜನ್‌ನ ಪ್ರತಿ ಗ್ರಾಂನೊಂದಿಗೆ ಸುಮಾರು 3 ಗ್ರಾಂ ನೀರೂ ಇರುವುದರಿಂದ, ಆ ಸಂಗ್ರಹ ಕರಗಿದಂತೆ ಮೊದಲು ಇಳಿಯುವುದು ಬಹುಪಾಲು ನೀರಿನ ತೂಕವೇ ಹೊರತು ಕೊಬ್ಬಲ್ಲ ಎಂಬುದನ್ನು ಅದು ಎಲ್ಲಿಯೂ ತಿಳಿಸಲಿಲ್ಲ. ಮೂರನೆಯ ದಿನದಿಂದ ಕಾಡಿದ ತಲೆನೋವು ಮತ್ತು ಸುಸ್ತಿಗೆ ಅದರ ಬಳಿ ಇದ್ದುದು ನೀರು ಕುಡಿಯಿರಿ ಎಂಬ ಒಂದೇ ಉತ್ತರ. ಈ ಪಥ್ಯದಲ್ಲಿ ಮೂತ್ರದೊಂದಿಗೆ ಸೋಡಿಯಂ ಕೂಡ ಹೆಚ್ಚು ಹೊರಹೋಗುವುದೂ ಇದಕ್ಕೆ ಕಾರಣವಾಗಬಹುದು ಎಂಬುದನ್ನು ವೈದ್ಯರಿಂದ ತಿಳಿಯಬೇಕಾಯಿತು.

ಹಸಿವು ಹತೋಟಿಗೆ ಬಂದದ್ದು ಮಾತ್ರ ನಿಜ. ಊಟದ ನಡುವೆ ಏನಾದರೊಂದನ್ನು ಬಾಯಾಡಿಸುವ ನನ್ನ ಹಳೆಯ ಚಟ (ಅದನ್ನು ಬಿಡಿಸಲು ಹಿಂದೆ ಪಟ್ಟ ಪಾಡು ಅಷ್ಟಿಷ್ಟಲ್ಲ) ತಾನಾಗಿಯೇ ಬಿಟ್ಟುಹೋಯಿತು. ಆದರೂ ಉಳಿದೆಲ್ಲ ಪಥ್ಯಗಳಿಗಿಂತ ಇದೇ ಮೇಲೆಂಬ ಆ್ಯಪ್‌ನ ಪ್ರಚಾರ ಅತಿಶಯೋಕ್ತಿಯೇ ಸರಿ: 609 ಮಂದಿಯನ್ನು ಒಂದು ವರ್ಷ ಗಮನಿಸಿ ಸ್ಟ್ಯಾನ್‌ಫರ್ಡ್ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಬ್ಬು ಕಡಿಮೆ ಮಾಡಿದವರಿಗೂ ಕಾರ್ಬೋಹೈಡ್ರೇಟ್ ಕಡಿಮೆ ಮಾಡಿದವರಿಗೂ ತೂಕ ಇಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎಲ್ಲಕ್ಕಿಂತ ದೊಡ್ಡ ಲೋಪವೆಂದರೆ, ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಈ ಪಥ್ಯದಿಂದ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದಾದರೂ, ನೋಂದಣಿಯ ವೇಳೆ ಔಷಧಗಳ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದಿರುವುದು.